ವಕೀಲರ ನಿರಂತರ ಕಾನೂನು ಶಿಕ್ಷಣ ಮತ್ತು ಗಡಿ ತಾಲೂಕುಗಳ ವರ್ತಕರು

2025ರ ಸೆಪ್ಟೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯವು ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಉದ್ರಿ ವ್ಯಾಪಾರ ನಡೆಸುವ ಪ್ರತಿಯೊಬ್ಬ ವರ್ತಕನೂ ತಿಳಿದಿರುವುದು ಅವಶ್ಯ. ಅಮಾನ್ಯಗೊಂಡ ಚೆಕ್ಕಿನ ಮೊತ್ತ ಒಂದು ಕೋಟಿ ರೂಪಾಯಿ. ಆ ಬಗ್ಗೆ ಕಳುಹಿಸಿದ ನೋಟೀಸಿನಲ್ಲಿ ಕೇಳಲಾದ ಮೊತ್ತ ಎರಡು ಕೋಟಿ. ಇದು ಬೆರಳಚ್ಚಿನ ದೋಷವಷ್ಟೇ ಎಂದು ವಾದಿಸಲಾಯಿತು. ನ್ಯಾಯಾಲಯ ಒಪ್ಪಲಿಲ್ಲ. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಮೇರೆಗೆ ನೀಡುವ ನೋಟೀಸಿನಲ್ಲಿ ಬಡ್ಡಿ, ಖರ್ಚು ಮುಂತಾದವನ್ನು ಬೇರೆಯಾಗಿ ಕೇಳಬಹುದು. ಆದರೆ ಚೆಕ್ಕಿನ ಮೊತ್ತ ಮಾತ್ರ ಚೆಕ್ಕಿನಲ್ಲಿದ್ದಂತೆಯೇ ಇರಬೇಕು. ಇಲ್ಲವಾದರೆ ನೋಟೀಸು ಕಾನೂನಿನ ದೃಷ್ಟಿಯಲ್ಲಿ ಸಿಂಧುವಲ್ಲ ಎಂದು ಹೇಳಿ ಫಿರ್ಯಾದಿ ರದ್ದಾದುದನ್ನು ಎತ್ತಿಹಿಡಿಯಿತು.

ಇಂತಹ ನೋಟೀಸನ್ನು ವರ್ತಕ ಸ್ವತಃ ಬರೆಯುವುದು ವಿರಳ. ಚೆಕ್ಕು ಮತ್ತು ಬ್ಯಾಂಕಿನ ಮೆಮೊ ಎರಡನ್ನೂ ವಕೀಲರ ಕೈಗೆ ಕೊಟ್ಟು ಆತ ತನ್ನ ಅಂಗಡಿಗೆ ಮರಳುತ್ತಾನೆ. ಆ ಬಳಿಕ ಆತನ ಹಣ ಉಳಿಯುವುದೂ ಹೋಗುವುದೂ ವಕೀಲರು ಎಷ್ಟು ಎಚ್ಚರದಿಂದಿದ್ದಾರೆ, ಕಾನೂನಿನ ಇತ್ತೀಚಿನ ಸ್ಥಿತಿಯನ್ನು ಎಷ್ಟು ಬಲ್ಲರು ಎಂಬುದರ ಮೇಲೆ ನಿಲ್ಲುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ತಂಬಾಕು, ಬೆಲ್ಲ, ಚರ್ಮದ ಸರಕು, ಯಂತ್ರದ ಬಿಡಿಭಾಗಗಳ ವ್ಯವಹಾರವೆಲ್ಲ ಬಹುಮಟ್ಟಿಗೆ ಉದ್ರಿ ಮತ್ತು ಚೆಕ್ಕಿನ ಮೇಲೆಯೇ ನಡೆಯುವುದರಿಂದ, ವಕೀಲರು ಸನ್ನದು ಪಡೆದ ನಂತರವೂ ಕಲಿಯುತ್ತಿರುವರೇ ಎಂಬ ಪ್ರಶ್ನೆ ವಕೀಲರ ಮನೆಯ ಮಾತಾಗಿ ಮಾತ್ರ ಉಳಿಯುವುದಿಲ್ಲ.

ಸನ್ನದಿನ ನಂತರ ಏನು?

ಈ ಪ್ರಶ್ನೆಗೆ ಕಾನೂನು ನೀಡುವ ಉತ್ತರ ಚಿಕ್ಕದು: ಏನೂ ಇಲ್ಲ. 1961ರ ವಕೀಲರ ಅಧಿನಿಯಮವು ವಿಚಾರ ಸಂಕಿರಣ, ತಜ್ಞರ ಉಪನ್ಯಾಸ, ಕಾನೂನು ಪತ್ರಿಕೆಗಳ ಪ್ರಕಟಣೆ ಇವುಗಳನ್ನು ವಕೀಲರ ಪರಿಷತ್ತುಗಳ ಕಾರ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ವೃತ್ತಿನಿರತ ವಕೀಲರು ವರ್ಷಕ್ಕೆ ಇಂತಿಷ್ಟು ತಾಸು ಕಲಿತಿರಬೇಕು, ಕಲಿಯದಿದ್ದರೆ ಸನ್ನದಿಗೆ ತೊಡಕಾಗುತ್ತದೆ ಎಂಬ ದೇಶವ್ಯಾಪಿ ನಿಬಂಧನೆ ಭಾರತದಲ್ಲಿಲ್ಲ.

ವೃತ್ತಿಗೆ ಸೇರುವ ಬಾಗಿಲಲ್ಲಿಯೂ ಬಹುಕಾಲ ತಡೆಯಿರಲಿಲ್ಲ. ಸನ್ನದಿಗೆ ಮುಂಚಿನ ತರಬೇತಿಯ ಷರತ್ತನ್ನು 1973ರ ತಿದ್ದುಪಡಿ ತೆಗೆದುಹಾಕಿತು. ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ಒಂದು ವರ್ಷದ ತರಬೇತಿಯನ್ನು ನಿಯಮಗಳ ಮೂಲಕ ಮರಳಿ ತರಲು ಯತ್ನಿಸಿತು. ಪರಿಷತ್ತಿಗೆ ಆ ಅಧಿಕಾರವಿಲ್ಲವೆಂದು ವಿ. ಸುಧೀರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಆ ನಿಯಮಗಳನ್ನು ರದ್ದುಪಡಿಸಿತು. ಮುಂದೆ 2011ರ ಮಾರ್ಚ್‌ನಲ್ಲಿ ಅಖಿಲ ಭಾರತ ವಕೀಲರ ಪರೀಕ್ಷೆ ಮೊದಲ ಬಾರಿಗೆ ನಡೆಯಿತು. ಅದರ ಸಿಂಧುತ್ವವನ್ನು 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. ಆದರೆ ಈ ಪರೀಕ್ಷೆ 2009-10ನೆಯ ಶೈಕ್ಷಣಿಕ ವರ್ಷ ಮತ್ತು ಅನಂತರ ಪದವಿ ಪಡೆದವರಿಗೆ ಮಾತ್ರ. ಅದೂ ಜೀವಮಾನದಲ್ಲಿ ಒಮ್ಮೆ ತೇರ್ಗಡೆಯಾದರೆ ಮುಗಿಯಿತು. ತಾಲೂಕು ನ್ಯಾಯಾಲಯಗಳಲ್ಲಿ ಹೆಚ್ಚು ಕಕ್ಷಿದಾರರಿರುವ ಹಿರಿಯ ವಕೀಲರಲ್ಲಿ ಬಹುಪಾಲು ಜನ ಇದರ ವ್ಯಾಪ್ತಿಗೇ ಬರುವುದಿಲ್ಲ.

ಇತರ ವೃತ್ತಿಗಳ ಕಡೆ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅರವತ್ತು ವರ್ಷಕ್ಕೆ ಕಡಿಮೆ ವಯಸ್ಸಿನ ವೃತ್ತಿನಿರತ ಲೆಕ್ಕ ಪರಿಶೋಧಕರು 2023ರಿಂದ 2025ರ ಮೂರು ವರ್ಷಗಳ ಅವಧಿಗೆ 120 ತಾಸುಗಳ ನಿರಂತರ ವೃತ್ತಿ ಶಿಕ್ಷಣವನ್ನು ಪೂರೈಸಬೇಕಾಗಿತ್ತು. ಅದರಲ್ಲಿ 60 ತಾಸು ತರಗತಿ ಸ್ವರೂಪದ್ದು, ಪ್ರತಿ ವರ್ಷ ಕನಿಷ್ಠ 20 ತಾಸು. ವೈದ್ಯರಿಗೆ ಐದು ವರ್ಷಕ್ಕೆ 30 ತಾಸುಗಳ ಮುಂದುವರಿದ ಶಿಕ್ಷಣವನ್ನು 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಾವಳಿ ಅಪೇಕ್ಷಿಸುತ್ತದೆ. ನ್ಯಾಯಾಧೀಶರಿಗೆ ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯೂ ಬೆಂಗಳೂರಿನ ಕರ್ನಾಟಕ ನ್ಯಾಯಾಂಗ ಅಕಾಡೆಮಿಯೂ ಇವೆ. ಪೀಠದ ಮೇಲೆ ಕುಳಿತವರಿಗೆ ತರಬೇತಿ, ಪೀಠದ ಮುಂದೆ ನಿಂತು ಅವರಿಗೆ ಕಾನೂನು ತಿಳಿಸಬೇಕಾದವರಿಗೆ ಇಲ್ಲ!

ಅಮೆರಿಕದ ಮಿನೆಸೋಟ ರಾಜ್ಯವು 1975ರಷ್ಟು ಹಿಂದೆಯೇ ವಕೀಲರಿಗೆ ನಿರಂತರ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಅಲ್ಲಿ ಮೂರು ವರ್ಷಕ್ಕೆ 45 ತಾಸು. ನ್ಯೂಯಾರ್ಕಿನಲ್ಲಿ ಅನುಭವಿ ವಕೀಲರಿಗೆ ಎರಡು ವರ್ಷಕ್ಕೆ 24 ತಾಸು. ಸಿಂಗಪುರ 2012ರಲ್ಲಿ ಆರಂಭಿಸಿತು. ನಮ್ಮ ನೆರೆಯ ಕೇರಳದಲ್ಲಿ ವಕೀಲರ ಪರಿಷತ್ತು ಎಂ.ಕೆ. ನಂಬಿಯಾರ್ ಹೆಸರಿನಲ್ಲಿ ನಿರಂತರ ಕಾನೂನು ಶಿಕ್ಷಣದ ಅಕಾಡೆಮಿಯನ್ನೇ ಸ್ಥಾಪಿಸಿದೆ. 1950ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಎ.ಕೆ. ಗೋಪಾಲನ್ ಪರ ವಾದಿಸಿದ ಈ ನಂಬಿಯಾರ್ ಅವರು ಮಂಗಳೂರಿನಲ್ಲಿ ವಕೀಲಿ ಮಾಡಿದವರು ಎಂಬುದನ್ನು ಕನ್ನಡಿಗರು ನೆನೆಯಬಹುದು.

ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ

ವಕೀಲರ ಸೇವೆಯಲ್ಲಿ ನ್ಯೂನತೆಯಾದರೆ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ರಾಷ್ಟ್ರೀಯ ಆಯೋಗ 2007ರ ಆಗಸ್ಟಿನಲ್ಲಿ ಹೇಳಿತ್ತು. 2024ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ಆ ನಿಲುವನ್ನು ತಳ್ಳಿಹಾಕಿತು. ವಕೀಲ-ಕಕ್ಷಿದಾರರ ಸಂಬಂಧವು ವೈಯಕ್ತಿಕ ಸೇವೆಯ ಕರಾರು, ಅದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೇವೆಯಲ್ಲ ಎಂಬುದು ತೀರ್ಪಿನ ಸಾರ. ವೈದ್ಯರು ಮಾತ್ರ 1995ರ ತೀರ್ಪಿನಂತೆ ಕಾಯ್ದೆಯ ಒಳಗೇ ಇದ್ದಾರೆ. ವಕೀಲರ ಅಜಾಗರೂಕತೆಯಿಂದ ನಷ್ಟವಾದರೆ ಸಿವಿಲ್ ದಾವೆ ಹೂಡುವ ಮಾರ್ಗ ಉಳಿದಿದೆ. ದುರ್ನಡತೆಯಾದರೆ ಅಧಿನಿಯಮದ ಕಲಂ 35ರಂತೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ನೀಡಬಹುದು. ಆದರೆ ಒಂದು ದಾವೆ ಕೆಟ್ಟಿತೆಂದು ಇನ್ನೊಂದು ದಾವೆಗೆ ಇಳಿಯುವ ವರ್ತಕ ಎಷ್ಟು ಜನ? ಹೊಸ ತೀರ್ಪನ್ನು ಓದಿರದಿರುವುದು ದುರ್ನಡತೆ ಎನಿಸಿಕೊಳ್ಳುವುದೂ ಕಷ್ಟ.

ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆಗೆ ಇದು ಸ್ಥಳವಲ್ಲ. ವಕೀಲರು ನ್ಯಾಯಾಲಯದ ಅಧಿಕಾರಿಗಳೂ ಹೌದೆಂಬ ಮಾತಿಗೆ ತೂಕವಿದೆ. ಆದರೆ ತಪ್ಪಾದ ಮೇಲಿನ ಪರಿಹಾರ ಕಿರಿದಾದಷ್ಟೂ ತಪ್ಪಾಗದಂತೆ ತಡೆಯುವ ಏರ್ಪಾಡು ಹಿರಿದಾಗಬೇಕಿತ್ತು. ಅದು ಆಗಿಲ್ಲ.

ಹತ್ತು ವರ್ಷಗಳಲ್ಲಿ ಬದಲಾದ ನೆಲ

ಕಾನೂನು ನಿಧಾನವಾಗಿ ಬದಲಾಗುತ್ತಿದ್ದ ಕಾಲದಲ್ಲಿ ಹಿರಿಯರ ಕಚೇರಿಯಲ್ಲಿ ಕಲಿತ ಪಾಠ ಒಂದು ತಲೆಮಾರಿಗೆ ಸಾಕಾಗುತ್ತಿತ್ತು. ಈಗ ಹಾಗಿಲ್ಲ. ಚೆಕ್ ಪ್ರಕರಣ ಯಾವ ಊರಿನ ನ್ಯಾಯಾಲಯದಲ್ಲಿ ಎಂಬ ಪ್ರಾಥಮಿಕ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. 1999ರ ಭಾಸ್ಕರನ್ ತೀರ್ಪಿನಂತೆ ನೋಟೀಸು ನೀಡಿದ ಸ್ಥಳವೂ ಸೇರಿ ಐದು ಸ್ಥಳಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದಾಗಿತ್ತು. 2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಠೋಡ್ ತೀರ್ಪು ಬಂದು, ಚೆಕ್ ನೀಡಿದವನ ಬ್ಯಾಂಕ್ ಇರುವಲ್ಲೇ ಫಿರ್ಯಾದಿ ಎಂದಿತು. ಸಾಕ್ಷ್ಯದ ಹಂತ ತಲುಪದ ಪ್ರಕರಣಗಳನ್ನು ಹಿಂತಿರುಗಿಸಲು ಆದೇಶವಾಯಿತು. ಕೊಲ್ಲಾಪುರದ ಖರೀದಿದಾರನ ಚೆಕ್ಕು ಹಿಡಿದು ನಿಪ್ಪಾಣಿಯಲ್ಲಿ ಫಿರ್ಯಾದಿ ಹೂಡಿದ್ದ ವರ್ತಕನೊಬ್ಬನಿದ್ದನೆಂದು ಭಾವಿಸಿದರೆ, ಆತ ಕಾಗದಪತ್ರ ಹೊತ್ತು ಗಡಿ ದಾಟಬೇಕಾಯಿತು. ಒಂದು ವರ್ಷ ತುಂಬುವ ಮೊದಲೇ, 2015ರ ಜೂನ್ 15ರಂದು, ಸುಗ್ರೀವಾಜ್ಞೆ ಬಂದಿತು. ಅದೇ ವರ್ಷದ ಕೊನೆಗೆ ತಿದ್ದುಪಡಿ ಕಾಯ್ದೆಯಾಯಿತು. ಅದರಂತೆ, ಖಾತೆಗೆ ಜಮೆಯಾಗಬೇಕಾದ ಚೆಕ್ಕಾದರೆ, ಹಣ ಪಡೆಯುವವನ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯವೇ ಸರಿಯಾದುದು. ನಿಪ್ಪಾಣಿಯ ವರ್ತಕ ನಿಪ್ಪಾಣಿಗೇ ಮರಳಿದ.

ಇಲ್ಲಿಯೂ ಗಡಿಭಾಗದವರಿಗೆ ಒಂದು ಸೂಕ್ಷ್ಮವಿದೆ. ವ್ಯಾಪಾರ ಕಾಗವಾಡದಲ್ಲಿದ್ದು ಚಾಲ್ತಿ ಖಾತೆ ಮಿರಜದ ಶಾಖೆಯಲ್ಲಿದ್ದರೆ ಫಿರ್ಯಾದಿ ಮಿರಜದಲ್ಲಿ. ಆ ಪ್ರಕರಣ ಮುಂದೆ ಉಚ್ಚ ನ್ಯಾಯಾಲಯಕ್ಕೆ ಹೋದರೆ ಅದು ಧಾರವಾಡ ಪೀಠಕ್ಕಲ್ಲ. 2025ರ ಆಗಸ್ಟ್ 18ರಿಂದ ಕಾರ್ಯಾರಂಭ ಮಾಡಿದ ಮುಂಬಯಿ ಉಚ್ಚ ನ್ಯಾಯಾಲಯದ ಕೊಲ್ಲಾಪುರ ಸಂಚಾರಿ ಪೀಠಕ್ಕೆ. ಖಾತೆ ಎಲ್ಲಿರಬೇಕೆಂಬ ತೀರ್ಮಾನ ಇಂದು ಬರಿಯ ಬ್ಯಾಂಕಿನ ಅನುಕೂಲದ ಮಾತಲ್ಲ.

ಭಾಗಶಃ ಪಾವತಿಯ ವಿಷಯ ಇನ್ನೂ ಹೆಚ್ಚು ವರ್ತಕರನ್ನು ತಟ್ಟುತ್ತದೆ. ಹತ್ತು ಲಕ್ಷದ ಚೆಕ್ ಕೈಯಲ್ಲಿರುವಾಗ ಸಾಲಗಾರ ಮೂರು ಲಕ್ಷ ತಂದು ಕೊಡುತ್ತಾನೆ, ಕೀರ್ದಿಯಲ್ಲಿ ಜಮೆಯಾಗುತ್ತದೆ, ಚೆಕ್ ಮಾತ್ರ ಹತ್ತು ಲಕ್ಷದ್ದಾಗಿಯೇ ಬ್ಯಾಂಕಿಗೆ ಹೋಗುತ್ತದೆ. 2022ರ ಅಕ್ಟೋಬರಿನ ದಶರಥಭಾಯಿ ಪಟೇಲ್ ತೀರ್ಪಿನ ಪ್ರಕಾರ, ಪಾವತಿಯಾದ ಭಾಗವನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ಣ ಮೊತ್ತಕ್ಕೆ ಸಲ್ಲಿಸಿದರೆ ಕಲಂ 138ರ ಅಪರಾಧವೇ ಆಗದು. ಈ ತೀರ್ಪನ್ನು ಬಲ್ಲ ವಕೀಲ ಚೆಕ್ ಸಲ್ಲಿಸುವ ಮೊದಲೇ ಖಾತೆ ಪುಸ್ತಕ ತರಿಸಿ ನೋಡುತ್ತಾನೆ. ಅರಿಯದವನು ಮೂರು ವರ್ಷದ ನಂತರ, ಪಾಟೀಸವಾಲಿನಲ್ಲಿ, ಎದುರು ವಕೀಲರಿಂದ ತಿಳಿಯುತ್ತಾನೆ.

ಲಾಭದ ಅಂಶಗಳೂ ಇವೆ. 2018ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಕಲಂ 143ಎ ಪ್ರಕಾರ ಪ್ರಕರಣ ಬಾಕಿಯಿರುವಾಗಲೇ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ವಿವೇಚನಾಧಿಕಾರ ನ್ಯಾಯಾಲಯಕ್ಕಿದೆ. ಕೇಳಿದರೆ ತಾನೆ ಸಿಗುವುದು! 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೆ, ಖಾಸಗಿ ಫಿರ್ಯಾದಿಯಲ್ಲಿ ಆರೋಪಿಯನ್ನು ಮೊದಲೇ ಆಲಿಸಬೇಕೆಂಬ ಅದರ ಕಲಂ 223 ಚೆಕ್ ಪ್ರಕರಣಗಳಿಗೂ ಅನ್ವಯಿಸುವುದೇ ಎಂಬ ಗೊಂದಲ ಉಂಟಾಗಿತ್ತು. ಅನ್ವಯಿಸುವುದಿಲ್ಲವೆಂಬ ಕರ್ನಾಟಕ ಉಚ್ಚ ನ್ಯಾಯಾಲಯದ ನಿಲುವನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್ 25ರ ಸಂಜಬಿಜ್ ತಾರಿ ತೀರ್ಪಿನಲ್ಲಿ ಒಪ್ಪಿತು.

ದಾವೆಯ ದಾರಿಯೂ ಬದಲಾಗಿದೆ. 2018ರ ಮೇ 3ರಿಂದ ಮೂರು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ತುರ್ತು ಮಧ್ಯಂತರ ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮುನ್ನ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಹೋಗಲೇಬೇಕು. ಹೋಗದೆ ಹೂಡಿದ ದಾವೆ ತಿರಸ್ಕೃತವಾಗುತ್ತದೆಂದು ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ತೀರ್ಮಾನವಾಗಿ, 2022ರ ಆಗಸ್ಟ್ 20ರಿಂದ ಅನ್ವಯವಾಗುತ್ತಿದೆ. ಪ್ರತಿವಾದಿಯಾದ ವರ್ತಕನಿಗಂತೂ ಇನ್ನೂ ಕಠಿಣ: ಸಮನ್ಸ್ ತಲುಪಿದ 120 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕೇ ಹೋಗುತ್ತದೆ, ನ್ಯಾಯಾಲಯ ದಿನಾಂಕ ವಿಸ್ತರಿಸಲಾರದು (2019ರ ಎಸ್‌ಸಿಜಿ ಕಾಂಟ್ರಾಕ್ಟ್ಸ್ ತೀರ್ಪು). ಸಾಮಾನ್ಯ ಸಿವಿಲ್ ದಾವೆಗಳಲ್ಲಿ ತಾರೀಖು ಕೇಳಿ ಪಡೆಯುವ ರೂಢಿಗೆ ಒಗ್ಗಿದವರು ಎಡವುವುದು ಇಲ್ಲಿಯೇ.

ಸಣ್ಣ ಉತ್ಪಾದಕರಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಲ್ಲಿ ಪ್ರತ್ಯೇಕ ಮಾರ್ಗವೇ ಇದೆ. ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ತಕರಾರಾದರೆ ಸೌಲಭ್ಯ ಮಂಡಳಿಗೆ ಅರ್ಜಿ. ಸರಕು ಪೂರೈಸುವ ಮೊದಲೇ ನೋಂದಣಿಯಾಗಿರಬೇಕೆಂದು 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪು ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ ಈ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಉದ್ಯಮ್ ನೋಂದಣಿ ಪಡೆದ ಕೇವಲ ಮಾರಾಟಗಾರರಿಗೆ 2021ರ ಸೂಚನೆಯಂತೆ ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ, 45 ದಿನಗಳ ರಕ್ಷಣೆ ಇಲ್ಲ ಎಂಬುದನ್ನು ವರ್ತಕರೂ ಮರೆಯಬಾರದು.

ಮೊಬೈಲ್ ಸಂದೇಶಗಳ ಮೂಲಕ ಬೇಡಿಕೆ, ದರ, ಸರಕು ತಲುಪಿದ ಒಪ್ಪಿಗೆ ಎಲ್ಲವೂ ನಡೆಯುವ ಈ ದಿನಗಳಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಕೂಡ ಅಷ್ಟೇ ಮುಖ್ಯ. ಹಳೆಯ 65ಬಿ ಪ್ರಮಾಣಪತ್ರದ ಸ್ಥಾನದಲ್ಲಿ ಈಗ ಎರಡು ಭಾಗಗಳ ಪ್ರಮಾಣಪತ್ರ ಬೇಕು. ಒಂದಕ್ಕೆ ಉಪಕರಣದ ಹೊಣೆ ಹೊತ್ತವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಫೋನು ಬದಲಿಸಿ ಹಳೆಯದನ್ನು ಮಾರಿದ ಮೇಲೆ ವಕೀಲರು ಇದನ್ನು ನೆನಪಿಸಿದರೆ ಪ್ರಯೋಜನವಿಲ್ಲ.

ಅಥಣಿಯ ಚಪ್ಪಲಿ

ಕೊಲ್ಲಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದ ನೋಂದಣಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಬೆಳಗಾವಿ ಅವುಗಳಲ್ಲಿ ಒಂದು. ಹೀಗಾಗಿ ಅಥಣಿ ಮತ್ತು ಮದಭಾವಿಯ ಕುಶಲಕರ್ಮಿಗಳು ಇದರ ನ್ಯಾಯವಾದ ಹಕ್ಕುದಾರರು. ನೋಂದಣಿ ಇರುವುದು ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳ ಹೆಸರಿನಲ್ಲಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಪಾದರಕ್ಷೆಗಳನ್ನು ಪ್ರದರ್ಶಿಸಿದಾಗ ಗದ್ದಲವೆದ್ದಿತು. ವಕೀಲರೇ ಸೇರಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಜುಲೈನಲ್ಲಿ ಅದು ವಜಾ ಆಯಿತು: ನೋಂದಾಯಿತ ಒಡೆತನವಿರುವವರು ಬರಲಿ, ಇತರರಿಗೆ ಈ ವಿಷಯದಲ್ಲಿ ಅರ್ಜಿ ಹಾಕುವ ಅರ್ಹತೆಯಿಲ್ಲವೆಂಬುದು ಕಾರಣ.

1999ರ ಈ ಕಾಯ್ದೆ ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ಪದವಿ ಪಡೆದ ಯಾವ ವಕೀಲರೂ ಇದನ್ನು ಜಾರಿಯಲ್ಲಿರುವ ಕಾನೂನಾಗಿ ಕಾಲೇಜಿನಲ್ಲಿ ಓದಿರಲು ಸಾಧ್ಯವಿಲ್ಲ. ಕುಶಲಕರ್ಮಿಯೊಬ್ಬ ತಾನೇ ‘ಅಧಿಕೃತ ಬಳಕೆದಾರ’ನೆಂದು ನೋಂದಾಯಿಸಿಕೊಂಡರೆ ನಕಲಿಯ ವಿರುದ್ಧ ದಾವೆ ಹೂಡುವ ಹಕ್ಕು ಆತನಿಗೂ ಬರುತ್ತದೆ ಎಂಬುದನ್ನು ಅಥಣಿಯಲ್ಲೇ ಹೇಳಬಲ್ಲ ವಕೀಲರಿದ್ದರೆ ಆ ಕುಶಲಕರ್ಮಿ ಬೆಂಗಳೂರಿಗೋ ಮುಂಬಯಿಗೋ ಅಲೆಯಬೇಕಿಲ್ಲ.

ತಾಸುಗಳ ಎಣಿಕೆ ಸಾಕೆ?

ಹಾಗೆಂದು ತಾಸುಗಳನ್ನು ಕಡ್ಡಾಯಗೊಳಿಸಿದೊಡನೆ ಎಲ್ಲವೂ ಸರಿಹೋಗುವುದೆಂಬುದು ಭ್ರಮೆ. ಲೆಕ್ಕ ಪರಿಶೋಧಕರ ಸಭೆಗಳಲ್ಲಿಯೂ ಹಾಜರಿ ಹಾಕಿ, ಭೋಜನ ಮುಗಿಸಿ, ಮಧ್ಯಾಹ್ನದ ಉಪನ್ಯಾಸಕ್ಕೆ ಖಾಲಿ ಕುರ್ಚಿಗಳನ್ನು ಬಿಟ್ಟುಹೋಗುವವರಿದ್ದಾರೆಂಬುದು ಯಾರಿಗೂ ತಿಳಿಯದ ಗುಟ್ಟಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳಿಗೆ ವರ್ಷಕ್ಕೆ 16 ತಾಸುಗಳ ನಿಯಮವಿತ್ತು. 2016ರ ನವೆಂಬರ್ 1ರಿಂದ ಅದನ್ನು ಕೈಬಿಟ್ಟು, ತನಗೆ ಯಾವ ವಿಷಯದಲ್ಲಿ ಕೊರತೆಯಿದೆಯೆಂದು ತಾನೇ ಗುರುತಿಸಿ, ಅದನ್ನು ತುಂಬಿಕೊಂಡುದನ್ನು ವರ್ಷವರ್ಷ ಘೋಷಿಸುವ ಪದ್ಧತಿಯನ್ನು ತಂದರು. ಎಣಿಕೆಯಿಂದ ಆರಂಭಿಸಿ ಹಲವು ವರ್ಷ ನೋಡಿದವರು ಎಣಿಕೆಯನ್ನು ಬಿಡಬಹುದು. ಆರಂಭವನ್ನೇ ಮಾಡದ ನಮಗೆ ಕನಿಷ್ಠ ತಾಸುಗಳ ನಿಯಮ, ಅದರಲ್ಲೂ ವಕೀಲರು ನಿಜವಾಗಿ ನಡೆಸುವ ಪ್ರಕರಣಗಳ ವಿಷಯಕ್ಕೆ ಜೋಡಿಸಿದ ನಿಯಮ, ಇಲ್ಲದಿರುವುದಕ್ಕಿಂತ ಲೇಸು.

ತಾಲೂಕು ವಕೀಲರ ಕಷ್ಟಗಳನ್ನೂ ಅರಿಯಬೇಕು. ರಾಜಧಾನಿ ಐದುನೂರು ಕಿಲೋಮೀಟರಿಗೂ ದೂರ. ತೀರ್ಪುಗಳು ಇಂಗ್ಲಿಷಿನಲ್ಲಿ, ಕಕ್ಷಿದಾರನ ಮಾತು ಕನ್ನಡದಲ್ಲಿ, ಹಳೆಯ ಕಾಗದ ಮರಾಠಿಯಲ್ಲಿ, ಕೆಲವೊಮ್ಮೆ ಮೋಡಿ ಲಿಪಿಯಲ್ಲಿ. ಈ ಭಾಗದ ವಕೀಲರಿಗೆ ಕಲಿಕೆ ಹೊಸದೂ ಅಲ್ಲ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಮೇಲ್ಮನವಿ ಹೋಗುತ್ತಿದ್ದುದು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ. ಏಕೀಕರಣದ ನಂತರ ಮುಂಬಯಿಯ ಗೇಣಿ ಕಾನೂನನ್ನು ಬದಿಗಿಟ್ಟು ಮೈಸೂರು ಭೂಸುಧಾರಣಾ ಕಾಯ್ದೆಯನ್ನು, 1974ರ ತಿದ್ದುಪಡಿಗಳನ್ನು ಇಲ್ಲಿಯ ವಕೀಲರು ಯಾರ ನಿರ್ಬಂಧವೂ ಇಲ್ಲದೆ ಕಲಿತರು. ಆಗ ನೆಲಕ್ಕಾಗಿ ತೋರಿದ ಆ ಶ್ರದ್ಧೆಯನ್ನು ವಾಣಿಜ್ಯ ಕಾನೂನಿಗೂ ತೋರುವಂತಾಗಲು ವರ್ತಕರ ನೆರವು ಬೇಕು.

ಸಾಧನಗಳು ಮೊದಲಿಗಿಂತ ಸುಲಭವಾಗಿವೆ. ಸರ್ವೋಚ್ಚ ನ್ಯಾಯಾಲಯದ ವರದಿಗಳು 2023ರ ಜನವರಿಯಿಂದ ಇ-ಎಸ್‌ಸಿಆರ್ ಮೂಲಕ ಉಚಿತವಾಗಿ ದೊರೆಯುತ್ತಿವೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ವಾಣಿಜ್ಯ ಸಂಸ್ಥೆಯು ತಾಲೂಕು ವಕೀಲರ ಸಂಘಗಳೊಂದಿಗೆ ಸೇರಿ ಆರು ತಿಂಗಳಿಗೊಮ್ಮೆ ಒಂದು ಶನಿವಾರದ ಮಧ್ಯಾಹ್ನ, ಒಂದೇ ವಿಷಯದ ಮೇಲೆ, ಚಿಕ್ಕೋಡಿಯಲ್ಲೊಮ್ಮೆ ಅಥಣಿಯಲ್ಲೊಮ್ಮೆ ಕೂಡುವ ಏರ್ಪಾಡಿಗೆ ಹೆಚ್ಚಿನ ವೆಚ್ಚ ತಗಲದು. ಉಪನ್ಯಾಸಕ್ಕಿಂತ, ವರ್ತಕರು ಹೆಸರು ಮರೆಮಾಡಿ ತಂದ ನಿಜವಾದ ಬಿಲ್ಲು, ಚೆಕ್ಕು, ನೋಟೀಸುಗಳನ್ನು ಎದುರಿಗಿಟ್ಟು ಓದುವುದು ಇಬ್ಬರಿಗೂ ಹೆಚ್ಚು ಉಪಯುಕ್ತ. ವಕೀಲರ ಸಂಘದ ಗ್ರಂಥಾಲಯಕ್ಕೆ ಒಂದು ವಾಣಿಜ್ಯ ಕಾನೂನು ಪತ್ರಿಕೆಯ ವಾರ್ಷಿಕ ಚಂದಾ ತುಂಬುವುದು ಇನ್ನೂ ಸುಲಭ.

ವರ್ತಕರ ಕಡೆಯ ಲೋಪವೂ ಇದೆ. ತಾರೀಖಿಗೆ ಇಷ್ಟೆಂದು ಫೀ ಕೊಡುವ ರೂಢಿ ಇದೆಯೇ ಹೊರತು, ಪ್ರಕರಣ ಹೂಡುವ ಮುನ್ನ ಅಧ್ಯಯನ ಮಾಡಿ ಲಿಖಿತ ಅಭಿಪ್ರಾಯ ಕೊಡಿರೆಂದು ಕೇಳಿ ಅದಕ್ಕೆ ಪ್ರತ್ಯೇಕ ಹಣ ಕೊಡುವವರು ಅಪರೂಪ. ಓದಿಗೆ ಬೆಲೆ ಕಟ್ಟದ ಕಕ್ಷಿದಾರನಿಗೆ ಓದದ ವಕೀಲನೇ ಸಿಗುವ ಸಂಭವ ಹೆಚ್ಚು.

ಅಲ್ಲಿಯವರೆಗೆ ಚೆಕ್ ಮರಳಿದ ವರ್ತಕರು ಕೆಲವನ್ನು ತಾವೇ ನೋಡಿಕೊಳ್ಳಬಹುದು. ಚೆಕ್ ಅಮಾನ್ಯವಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟೀಸು ಹೊರಡಬೇಕು. ಅದು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಫಿರ್ಯಾದಿ. ಫಿರ್ಯಾದಿಯ ವಿಳಂಬವನ್ನು ಸಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದು, ನೋಟೀಸಿನ ವಿಳಂಬವನ್ನು ಮನ್ನಿಸಲಾಗದು. ನೋಟೀಸಿನ ಕರಡನ್ನು ರವಾನಿಸುವ ಮೊದಲು ತರಿಸಿಕೊಂಡು, ಚೆಕ್ಕಿನ ಸಂಖ್ಯೆ, ದಿನಾಂಕ, ಅಂಕಿ ಮತ್ತು ಅಕ್ಷರಗಳಲ್ಲಿರುವ ಮೊತ್ತ ಇವನ್ನು ಮೂಲ ಚೆಕ್ಕಿನೊಂದಿಗೆ ಇಟ್ಟು ನೋಡಬೇಕು. ಅಂಚೆಯ ರಸೀದಿ ಮತ್ತು ತಲುಪಿದ ಪುರಾವೆಯನ್ನು ಬ್ಯಾಂಕಿನ ಮೆಮೊದ ಜೊತೆಯಲ್ಲೇ ಕಡತಕ್ಕೆ ಸೇರಿಸಬೇಕು.